ಕೆಳಗಿಳಿಯುತ್ತದೆ, ಮೇಲೇಳುವುದಿಲ್ಲ: ಔಟ್‌ಬೋರ್ಡ್ ಇಂಜಿನ್ನಿನ ಪವರ್ ಟಿಲ್ಟ್ ದೋಷವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಉತ್ತರ ಕನ್ನಡದ ನದೀಮುಖವೊಂದರಲ್ಲಿ ಪ್ರವಾಸಿಗರನ್ನು ಕಾಂಡ್ಲಾ (ಮ್ಯಾಂಗ್ರೋವ್) ವನಗಳ ನಡುವೆ ಸುತ್ತಾಡಿಸುವ ಫೈಬರ್ ದೋಣಿಯೊಂದರಲ್ಲಿ ಈ ದೋಷ ಕಾಣಿಸಿಕೊಂಡಿತು. ದೋಣಿಗೆ 60 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್, ಇತ್ತು. ದೋಣಿಯ ಹೆಸರು, ಊರು, ಇಂಜಿನ್ನಿನ ತಯಾರಕರು ಮತ್ತು ಸಂಬಂಧಪಟ್ಟವರ ಗುರುತುಗಳನ್ನು ಇಲ್ಲಿ ಬಿಟ್ಟಿದ್ದೇನೆ. ದೋಷದ ಸ್ವರೂಪವನ್ನೂ ಅಳತೆಗಳನ್ನೂ ಇದ್ದಂತೆಯೇ ಕೊಟ್ಟಿದ್ದೇನೆ.

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ಸುಮಾರು 10 ಅಶ್ವಶಕ್ತಿಯ ಒಳಗಿನ ಸೀಮೆಎಣ್ಣೆ ಇಂಜಿನ್‌ಗಳು. ದಡಕ್ಕೆ ಬರುವಾಗ ಅವನ್ನು ಒಬ್ಬನೇ ಕೈಯಿಂದ ಎತ್ತಿ ನಿಲ್ಲಿಸಬಹುದು. 60 ಅಶ್ವಶಕ್ತಿಯ ಇಂಜಿನ್ ನೂರು ಕಿಲೋಗಿಂತ ಹೆಚ್ಚು ತೂಗುವುದರಿಂದ ಅದನ್ನು ಎತ್ತಲು ಗುಂಡಿ ಒತ್ತಿದರೆ ಕೆಲಸ ಮಾಡುವ ಪವರ್ ಟಿಲ್ಟ್ ಬೇಕಾಗುತ್ತದೆ. ಅಳಿವೆಯ ಸಮೀಪ ಇಳಿತದ ಹೊತ್ತಿನಲ್ಲಿ ಮರಳ ದಿಬ್ಬಗಳು ಮೇಲೆದ್ದು ಬರುತ್ತವೆ, ದೋಣಿಯ ಹಾದಿ ತೀರ ಆಳವಿಲ್ಲದ್ದಾಗುತ್ತದೆ. ಅಂಥಲ್ಲಿ ಇಂಜಿನ್ನನ್ನು ಸ್ವಲ್ಪ ಎತ್ತಿಕೊಂಡು ನಿಧಾನವಾಗಿ ದಾಟದಿದ್ದರೆ ಪ್ರೊಪೆಲ್ಲರ್ ಮರಳಿಗೆ ತಾಗುತ್ತದೆ, ತಂಪುಗೊಳಿಸುವ ನೀರಿನ ದಾರಿಗೆ ಮರಳು ಹೊಗುತ್ತದೆ. ಸಂಜೆ ದೋಣಿ ಕಟ್ಟಿದ ಮೇಲೆ ಇಂಜಿನ್ನಿನ ಕೆಳಭಾಗವನ್ನು ಉಪ್ಪುನೀರಿನಿಂದ ಮೇಲೆತ್ತಿ ಇಡದೆ ಹೋದರೆ ಕೆಲವೇ ವಾರಗಳಲ್ಲಿ ಚಿಪ್ಪುಗಳು ಹತ್ತಿಕೊಳ್ಳುತ್ತವೆ. ಆದ್ದರಿಂದ ಇಂಥ ದೋಣಿಗೆ ಪವರ್ ಟಿಲ್ಟ್ ಇಂಜಿನ್ನಿನಷ್ಟೇ ಮುಖ್ಯ.

ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಈ ವ್ಯವಸ್ಥೆಯ ವಿದ್ಯುತ್ ದಾರಿ ತಿಳಿದಿರಬೇಕು. ಇಂಜಿನ್ನನ್ನು ಎತ್ತುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಆ ಒತ್ತಡವನ್ನು ಕೊಡುವ ಪಂಪನ್ನು 12 ವೋಲ್ಟಿನ ಸಣ್ಣ ಡಿಸಿ ಮೋಟಾರು ತಿರುಗಿಸುತ್ತದೆ. ಮೋಟಾರಿಗೆ ಎರಡೇ ವೈರುಗಳು. ಒಂದಕ್ಕೆ ಪಾಸಿಟಿವ್, ಇನ್ನೊಂದಕ್ಕೆ ನೆಗೆಟಿವ್ ಕೊಟ್ಟರೆ ಇಂಜಿನ್ ಮೇಲೇಳುತ್ತದೆ, ಅದಲುಬದಲು ಮಾಡಿದರೆ ಇಳಿಯುತ್ತದೆ. ಈ ಅದಲುಬದಲನ್ನು ಮಾಡುವುದು ಎರಡು ರಿಲೇಗಳು, ಅಂದರೆ ಗುಂಡಿಯ ಸಣ್ಣ ಕರೆಂಟಿನಿಂದ ಮೋಟಾರಿನ ದೊಡ್ಡ ಕರೆಂಟಿನ ದಾರಿಯನ್ನು ಬದಲಿಸುವ ಸ್ವಿಚ್ಚುಗಳು. ವೈರುಗಳ ಬಣ್ಣ ತಯಾರಕರನ್ನು ಅವಲಂಬಿಸಿದೆ: ಯಮಹಾ ಇಂಜಿನ್‌ಗಳಲ್ಲಿ ಆಕಾಶನೀಲಿ ಮೇಲಕ್ಕೆ, ತಿಳಿಹಸಿರು ಕೆಳಕ್ಕೆ, ಮರ್ಕ್ಯುರಿಯ ಸ್ವಿಚ್ ವೈರುಗಳಲ್ಲಿ ನೀಲಿ-ಬಿಳಿ ಮೇಲಕ್ಕೆ, ಹಸಿರು-ಬಿಳಿ ಕೆಳಕ್ಕೆ. ಈ ಬರಹದಲ್ಲಿ ಎತ್ತುವ ಕಡೆಯ ವೈರನ್ನು ನೀಲಿ ಎಂದೂ ಇಳಿಸುವ ಕಡೆಯದನ್ನು ಹಸಿರು ಎಂದೂ ಕರೆಯುತ್ತೇನೆ.

ಯಾವ ಗುಂಡಿಯನ್ನೂ ಒತ್ತದೆ ಇರುವಾಗ ಎರಡೂ ರಿಲೇಗಳು ತಮ್ಮ ತಮ್ಮ ವೈರನ್ನು ಅರ್ತ್‌ಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ, ಸೇರಿಸಿಕೊಂಡು ಕುಳಿತಿರುತ್ತವೆ. ಮೇಲಿನ ಗುಂಡಿ ಒತ್ತಿದಾಗ ಎತ್ತುವ ರಿಲೇ ಮಾತ್ರ ಎಳೆದುಕೊಂಡು ನೀಲಿ ವೈರನ್ನು ಅರ್ತ್‌ನಿಂದ ಬಿಡಿಸಿ ಬ್ಯಾಟರಿಯ ಪಾಸಿಟಿವ್‌ಗೆ ಸೇರಿಸುತ್ತದೆ. ಇಳಿಸುವ ರಿಲೇ ಅಲ್ಲಾಡುವುದೇ ಇಲ್ಲ. ಆದರೆ ಮೋಟಾರಿನೊಳಗೆ ಹೋದ ಕರೆಂಟು ಹಸಿರು ವೈರಿನಲ್ಲಿ ಹೊರಬಂದು, ಸುಮ್ಮನೆ ಕುಳಿತಿರುವ ಆ ಇಳಿಸುವ ರಿಲೇಯ ಮೂಲಕವೇ ಅರ್ತ್ ಸೇರಬೇಕು. ಅಂದರೆ ಎತ್ತುವ ಕೆಲಸಕ್ಕೆ ಎರಡೂ ರಿಲೇಗಳು ಸರಿಯಿರಬೇಕು, ಇಳಿಸುವುದಕ್ಕೂ ಹಾಗೆಯೇ. ಈ ಒಂದು ಸಂಗತಿ ಯಾರ ಗಮನಕ್ಕೂ ಬಾರದೆ ಇದ್ದದ್ದೇ ಈ ಪ್ರಕರಣ ವಾರಗಟ್ಟಲೆ ಎಳೆಯಲು ಕಾರಣ.

ತೊಂದರೆ

ಮಳೆಗಾಲವಿಡೀ ದೋಣಿಯನ್ನು ದಡದ ಚಪ್ಪರದಲ್ಲಿ ಇರಿಸಿ, ಮಳೆ ನಿಂತ ಮೇಲೆ ನೀರಿಗೆ ಇಳಿಸಲಾಗಿತ್ತು. ಹಂಗಾಮು ಆರಂಭವಾಗಿ ಕೆಲವು ವಾರ ಎಲ್ಲವೂ ಸರಿಯಿತ್ತು. ಆಮೇಲೆ ಒಮ್ಮೊಮ್ಮೆ ಗುಂಡಿ ಒತ್ತಿದರೂ ಇಂಜಿನ್ ಏಳದೆ, ಎರಡನೆಯ ಅಥವಾ ಮೂರನೆಯ ಸಲಕ್ಕೆ ಏಳತೊಡಗಿತು. ದಿನ ಕಳೆದಂತೆ ಏಳದಿರುವುದೇ ಹೆಚ್ಚಾಯಿತು. ಗುಂಡಿ ಒತ್ತಿದಾಗ ರಿಲೇಯ ‘ಟಿಕ್’ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಮೋಟಾರು ಮಾತ್ರ ಮೌನವಾಗಿರುತ್ತಿತ್ತು. ಇಳಿಸುವಾಗ ಯಾವ ತೊಂದರೆಯೂ ಇರಲಿಲ್ಲ.

ಇಂಥ ಹೊತ್ತಿಗೆಂದೇ ಬ್ರಾಕೆಟ್ಟಿನ ಬದಿಯಲ್ಲಿ ಎಣ್ಣೆಯ ಒತ್ತಡ ಬಿಡುವ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ಇಬ್ಬರು ಸೇರಿ ಇಂಜಿನ್ನನ್ನು ಕೈಯಿಂದ ಎತ್ತಿ, ಆಧಾರದ ಕೊಕ್ಕೆ ಹಾಕುವುದು ಸಿಬ್ಬಂದಿಯ ನಿತ್ಯದ ಕೆಲಸವಾಯಿತು. ಒಂದು ಬೆಳಿಗ್ಗೆ ಆ ಸ್ಕ್ರೂವನ್ನು ಮತ್ತೆ ಬಿಗಿಮಾಡದೆ ದೋಣಿಯನ್ನು ಧಕ್ಕೆಯಿಂದ ಹಿಂದಕ್ಕೆ ತೆಗೆಯಲು ರಿವರ್ಸ್ ಹಾಕಿದಾಗ ಇಂಜಿನ್ ತಾನಾಗಿ ಮೇಲಕ್ಕೆ ಚಿಮ್ಮಿ, ಪ್ರೊಪೆಲ್ಲರ್ ನೀರಿನಿಂದ ಹೊರಬಂದಿತು. ಯಾರಿಗೂ ಪೆಟ್ಟಾಗಲಿಲ್ಲ. ಸ್ಕ್ರೂ ಸಡಿಲವಿರುವಾಗ ರಿವರ್ಸ್‌ನ ಎಳೆತವನ್ನು ತಡೆಯಲು ಎಣ್ಣೆಯ ಒತ್ತಡ ಇರುವುದಿಲ್ಲ ಎಂಬುದನ್ನು ಪ್ರಯಾಣಿಕರನ್ನು ಕರೆದೊಯ್ಯುವ ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು. ಈ ಘಟನೆಯ ನಂತರವೇ ಮಾಲೀಕರು ದುರಸ್ತಿಯನ್ನು ಮುಂದೂಡದಿರಲು ನಿರ್ಧರಿಸಿದರು.

ಮೊದಲು ಮಾಡಿದ ಪ್ರಯತ್ನಗಳು

ಬ್ಯಾಟರಿ ಹಳೆಯದಾಗಿದ್ದರಿಂದ ಮೊದಲು ಅದನ್ನು ಬದಲಿಸಲಾಯಿತು. ವ್ಯತ್ಯಾಸವಾಗಲಿಲ್ಲ. ಹೈಡ್ರಾಲಿಕ್ ಎಣ್ಣೆಯ ಮಟ್ಟ ನೋಡಿ ಸ್ವಲ್ಪ ತುಂಬಿಸಿದ್ದೂ ಆಯಿತು. ಮೋಟಾರೇ ತಿರುಗದಿರುವಾಗ ಎಣ್ಣೆಯನ್ನು ಸಂಶಯಿಸಲು ಕಾರಣವಿರಲಿಲ್ಲ. ಎಣ್ಣೆ ಕಡಿಮೆಯಿದ್ದರೆ ಮೋಟಾರು ತಿರುಗುವ ಸದ್ದು ಬಂದು ಇಂಜಿನ್ ಮಾತ್ರ ಏಳದೆ ಇರುತ್ತಿತ್ತು.

ಮುಂದಿನ ಹೆಜ್ಜೆ ಹೆಚ್ಚು ಗಮನಾರ್ಹ. ಊರಿನ ಅನುಭವಿ ಆಟೋ ಇಲೆಕ್ಟ್ರಿಷಿಯನ್ ಒಬ್ಬರು, ಏಳುವುದಿಲ್ಲವೆಂದರೆ ಎತ್ತುವ ರಿಲೇ ಕೆಟ್ಟಿದೆ ಎಂದು ಊಹಿಸಿ, ಅದರ ಜಾಗದಲ್ಲಿ ಕಾರುಗಳಲ್ಲಿ ಹಾರ್ನ್‌ಗೆ ಬಳಸುವ ನಾಲ್ಕು ಪಿನ್ನಿನ ರಿಲೇಯನ್ನು ಹಾಕಿದರು. ಇಂಜಿನ್ ಏಳಲಿಲ್ಲ, ಅದುವರೆಗೆ ಸರಿಯಿದ್ದ ಇಳಿಸುವಿಕೆಯೂ ನಿಂತುಹೋಯಿತು. ಹೊಸ ರಿಲೇಯೇ ಸರಿಯಿಲ್ಲವೆಂದು ತೀರ್ಮಾನಿಸಿ ಅವರು ಹಳೆಯದನ್ನೇ ಮರಳಿ ಹಾಕಿದರು. ಇಳಿಸುವಿಕೆ ಮತ್ತೆ ಕೆಲಸ ಮಾಡಿತು.

ಈ ಪ್ರಕರಣದ ಅತಿ ಬೆಲೆಯುಳ್ಳ ಸುಳಿವು ಅಲ್ಲಿಯೇ ಸಿಕ್ಕಿತ್ತು. ಟಿಲ್ಟ್‌ಗೆ ಬೇಕಾದುದು ಐದು ಪಿನ್ನಿನ ರಿಲೇ. ಅದರ 30ನೆಯ ಪಿನ್ನಿಗೆ ಮೋಟಾರಿನ ವೈರು, 87ಕ್ಕೆ ಪಾಸಿಟಿವ್, 87ಎಗೆ ಅರ್ತ್ ಬರುತ್ತದೆ. 85 ಮತ್ತು 86 ರಿಲೇಯನ್ನು ಎಳೆಯುವ ಕಾಯಿಲ್‌ಗೆ (ಸುರುಳಿಗೆ). ನಾಲ್ಕು ಪಿನ್ನಿನ ರಿಲೇಯಲ್ಲಿ 87ಎ ಇರುವುದಿಲ್ಲ. ಅದು ಸುಮ್ಮನಿರುವಾಗ ತನ್ನ ವೈರನ್ನು ಎಲ್ಲಿಗೂ ಸೇರಿಸುವುದಿಲ್ಲ. ಎತ್ತುವ ಕಡೆ ಅಂಥ ರಿಲೇ ಕುಳಿತ ಕೂಡಲೇ ಇಳಿಸುವಾಗ ಕರೆಂಟು ಮರಳುವ ದಾರಿ ಮುಚ್ಚಿಹೋಯಿತು. ಎತ್ತುವ ರಿಲೇಯ ಅರ್ತ್ ಕಾಂಟ್ಯಾಕ್ಟ್ (ವೈರನ್ನು ಅರ್ತ್‌ಗೆ ತಾಗಿಸುವ ಲೋಹದ ಬಿಂದು) ಇಲ್ಲವಾದರೆ ಇಳಿಸುವಿಕೆ ನಿಲ್ಲುತ್ತದೆ ಎಂಬುದು ಕಣ್ಣೆದುರಿಗೆ ಸಾಬೀತಾದ ಮೇಲೆ, ಇಳಿಸುವ ರಿಲೇಯ ಅರ್ತ್ ಕಾಂಟ್ಯಾಕ್ಟ್ ಕೆಟ್ಟರೆ ಎತ್ತುವಿಕೆ ನಿಲ್ಲಬಹುದಲ್ಲವೇ ಎಂಬ ಪ್ರಶ್ನೆ ಏಳಬೇಕಿತ್ತು. ಕೆಟ್ಟ ಬಿಡಿಭಾಗವೆಂದು ಅದನ್ನು ಬದಿಗಿಟ್ಟಿದ್ದರಿಂದ ಆ ಪ್ರಶ್ನೆ ಏಳಲಿಲ್ಲ.

ಕೊನೆಯಲ್ಲಿ ಇಂಜಿನ್ ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು, ಮೇಲಿನ ಗುಂಡಿ ಒತ್ತಿಸಿ ನೀಲಿ ವೈರನ್ನು ಅಳೆದರು. 12.4 ವೋಲ್ಟ್ ತೋರಿಸಿತು. ಮೋಟಾರಿನ ಬಾಗಿಲಿಗೆ ಕರೆಂಟು ಬಂದಿದೆ, ಮೋಟಾರು ತಿರುಗುತ್ತಿಲ್ಲ, ಆದ್ದರಿಂದ ಮೋಟಾರಿನ ಎತ್ತುವ ಸುರುಳಿ ಸುಟ್ಟಿದೆ ಎಂದು ಅವರು ತೀರ್ಪು ಕೊಟ್ಟರು. ಹಸಿರು ವೈರು ಅರ್ತ್‌ಗೆ ಸೇರಿದೆಯೇ ಎಂದು ದಾರಿ ಕೂಡಿದ್ದರೆ ಸದ್ದು ಮಾಡುವ ಮೀಟರಿನ ಬಜರ್‌ನಿಂದ ಪರೀಕ್ಷಿಸಿದಾಗ ಅದೂ ‘ಬೀಪ್’ ಎಂದಿತ್ತು. ಹೊಸ ಮೋಟಾರಿಗೆ ಹತ್ತಾರು ಸಾವಿರ ರೂಪಾಯಿಯ ಅಂದಾಜು ಬಂದ ಹಂತದಲ್ಲಿ ಮಾಲೀಕರು ಇನ್ನೊಮ್ಮೆ ನೋಡಿಸೋಣವೆಂದು ನನ್ನನ್ನು ಕರೆಸಿದರು.

ಮೆಕ್ಯಾನಿಕ್‌ರ ತರ್ಕ ಆಧಾರವಿಲ್ಲದ್ದಲ್ಲ. ಹಳೆಯ ಕೆಲವು ಟಿಲ್ಟ್ ಮೋಟಾರುಗಳಿಗೆ ಮೂರು ವೈರುಗಳಿದ್ದು, ಎತ್ತಲು ಒಂದು, ಇಳಿಸಲು ಒಂದು ಎಂದು ಬೇರೆ ಬೇರೆ ಸುರುಳಿಗಳಿರುತ್ತವೆ. ಅಲ್ಲಿ ಒಂದು ಸುರುಳಿ ಸುಟ್ಟು ಇನ್ನೊಂದು ಉಳಿಯುವುದು ಸಾಧ್ಯ. ಎರಡು ವೈರಿನ ಮೋಟಾರಿನಲ್ಲಿ ಎರಡೂ ದಿಕ್ಕಿಗೆ ತಿರುಗುವುದು ಅದೇ ಆರ್ಮೇಚರ್ (ತಿರುಗುವ ಸುರುಳಿಭಾಗ), ಅದಕ್ಕೆ ಕರೆಂಟು ಕೊಡುವುದೂ ಅವೇ ಬ್ರಷ್‌ಗಳು. ಒಂದು ದಿಕ್ಕಿಗೆ ಪೂರ್ಣ ಬಲದಿಂದ ತಿರುಗುವ ಮೋಟಾರಿನಲ್ಲಿ ಇನ್ನೊಂದು ದಿಕ್ಕಿನ ಸುರುಳಿ ಸುಡಲು ಅಂಥ ಸುರುಳಿಯೇ ಇರುವುದಿಲ್ಲ.

ತಂಡೇಲರ ಮಾತು

ಉಪಕರಣಗಳನ್ನು ತೆಗೆಯುವ ಮೊದಲು ದೋಣಿ ನಡೆಸುವ ತಂಡೇಲರನ್ನು ವಿಚಾರಿಸಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೀರಿನ ಮೇಲಿದ್ದ ಅವರು ತುಸು ಹಿಂಜರಿಯುತ್ತಲೇ, “ಕೆಳಗಿನ ಬಟನ್ ನಾಲ್ಕೈದು ಸಲ ಒತ್ತಿ ಬಿಟ್ಟು, ಆಮೇಲೆ ಮೇಲಿಂದು ಒತ್ತಿದ್ರೆ ಒಮ್ಮೊಮ್ಮೆ ಏಳ್ತದೆ ಸರ್. ಹೇಳಿದ್ರೆ ಯಾರೂ ನಂಬೂದಿಲ್ಲ” ಎಂದರು. ಹಿಂದೆ ಬಂದವರೆಲ್ಲರಿಗೂ ಅವರು ಇದನ್ನು ಹೇಳಿದ್ದರು. ಕಾಕತಾಳೀಯವೆಂದು ಎಲ್ಲರೂ ತಳ್ಳಿಹಾಕಿದ್ದರು.

ನನ್ನ ದೃಷ್ಟಿಯಲ್ಲಿ ಪ್ರಕರಣದ ತಿರುವು ಇದೇ. ಕೆಳಗಿನ ಗುಂಡಿಯನ್ನು ಒತ್ತಿ ಬಿಡುವಾಗಲೆಲ್ಲ ಇಳಿಸುವ ರಿಲೇಯ ನಾಲಿಗೆ ಅರ್ತ್ ಕಾಂಟ್ಯಾಕ್ಟಿನಿಂದ ಎದ್ದು ಮತ್ತೆ ಅದರ ಮೇಲೆ ಬಡಿದು ಕೂರುತ್ತದೆ. ಆ ಬಡಿತಕ್ಕೆ ಕಾಂಟ್ಯಾಕ್ಟಿನ ಮೇಲಿನ ಕೊಳೆಯ ಪೊರೆ ಎಲ್ಲಾದರೂ ಒಂದು ಬಿಂದುವಿನಲ್ಲಿ ಒಡೆದರೆ ದಾರಿ ತೆರೆದುಕೊಳ್ಳುತ್ತದೆ. ಎತ್ತುವಿಕೆಗೆ ನೆರವಾಗುತ್ತಿದ್ದುದು ಇಳಿಸುವ ರಿಲೇಯ ಚಲನೆ ಎಂದಾದರೆ ಹುಡುಕಬೇಕಾದ ಜಾಗವೂ ಅದೇ. ಊಹೆ ಇಷ್ಟು ಸ್ಪಷ್ಟವಾಗಿದ್ದರೂ ಅದನ್ನು ಅಳತೆಯಿಂದ ದೃಢಪಡಿಸದೆ ಬಿಡಿಭಾಗ ಬದಲಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಮಾಲೀಕರು ಆಗಲೇ ಒಂದು ಬ್ಯಾಟರಿಗೂ ಒಂದು ರಿಲೇಗೂ ದುಡ್ಡು ಹಾಕಿದ್ದರು.

ಅಳತೆಗಳು

ಮೊದಲು ಇಂಜಿನ್ ಚಾಲೂ ಆಗದಂತೆ ಸುರಕ್ಷತಾ ಹಗ್ಗವನ್ನು ಕಿತ್ತು, ತಳಭಾಗದಲ್ಲಿ ಪೆಟ್ರೋಲಿನ ಆವಿ ನಿಂತಿಲ್ಲವೆಂದು ಖಚಿತಪಡಿಸಿಕೊಂಡು, ಇಂಜಿನ್ನಿನ ಕೆಳಗೆ ಯಾರೂ ಕೈಯಿಡದಂತೆ ನೋಡಿಕೊಂಡೆವು. ಟಿಲ್ಟ್ ಗುಂಡಿಗಳು ಎರಡು ಕಡೆ ಇರುತ್ತವೆ: ಚಾಲಕನ ಲಿವರಿನ ಮೇಲೆ ಒಂದು ಜೊತೆ, ಇಂಜಿನ್ನಿನ ಕವಚದ ಬದಿಯಲ್ಲಿ ಇನ್ನೊಂದು. ಎರಡು ಕಡೆಯಿಂದಲೂ ಫಲ ಒಂದೇ ಆಗಿತ್ತು, ರಿಲೇಯೂ ‘ಟಿಕ್’ ಎನ್ನುತ್ತಿತ್ತು. ಆದ್ದರಿಂದ ಗುಂಡಿಗಳು, ಅವುಗಳ ವೈರು ಮತ್ತು ಫ್ಯೂಸನ್ನು ಪಟ್ಟಿಯಿಂದ ತೆಗೆದುಹಾಕಿದೆವು.

ಬಳಿಕ ಮೀಟರನ್ನು ಬ್ಯಾಟರಿಯ ಮೇಲೆಯೇ ಇಟ್ಟು ಗುಂಡಿ ಒತ್ತಿಸಿದೆ. ಕೆಳಗಿನ ಗುಂಡಿಗೆ ವೋಲ್ಟೇಜ್ 12.6ರಿಂದ 11.7ಕ್ಕೆ ಇಳಿಯಿತು. ಮೋಟಾರು ಹತ್ತಾರು ಆಂಪಿಯರ್ ಎಳೆಯುವಾಗ ಹೀಗಾಗುವುದು ಸಹಜ. ಮೇಲಿನ ಗುಂಡಿಗೆ 12.6ರಿಂದ 12.5ಕ್ಕೆ ಬಂದು ನಿಂತಿತು. ಮೋಟಾರು ಒಳಗೆ ಬಿಗಿದು ಹಿಡಿದುಕೊಂಡಿದ್ದರೆ ಬ್ಯಾಟರಿ ಇನ್ನೂ ಹೆಚ್ಚು ಕುಸಿಯಬೇಕಿತ್ತು. ಕುಸಿಯದೇ ಇದ್ದುದರಿಂದ ಕರೆಂಟಿನ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ ಎಂದು ಒಂದೇ ಅಳತೆಯಲ್ಲಿ ತಿಳಿಯಿತು. ಹೊಸ ಮೋಟಾರು ತರಿಸುವ ಮೊದಲು ಪ್ರತಿಯೊಬ್ಬರೂ ಮಾಡಲೇಬೇಕಾದ ಪರೀಕ್ಷೆ ಇದು. ಇದಕ್ಕೆ ಕವಚವನ್ನೂ ಬಿಚ್ಚಬೇಕಾಗಿಲ್ಲ.

ಅಡ್ಡಿ ಎಲ್ಲಿದೆ ಎಂದು ನೋಡಲು ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಮೇಲಿನ ಗುಂಡಿ ಒತ್ತಿಸಿಕೊಂಡೇ ಎರಡೂ ವೈರುಗಳನ್ನು ಅಳೆದೆ. ನೀಲಿಯಲ್ಲಿ 12.4 ವೋಲ್ಟ್. ಇದು ಮೆಕ್ಯಾನಿಕ್ ಕಂಡ ಅಂಕಿಯೇ. ಹಸಿರಿನಲ್ಲಿ 12.2 ವೋಲ್ಟ್. ಅರ್ತ್‌ಗೆ ಸೇರಿರಬೇಕಾದ ಹಸಿರು ವೈರು ಸೊನ್ನೆಯ ಹತ್ತಿರ ಇರಬೇಕಿತ್ತು. ಮೋಟಾರಿಗೆ ದಕ್ಕುತ್ತಿದ್ದುದು ಈ ಎರಡರ ನಡುವಿನ ವ್ಯತ್ಯಾಸ, ಅಂದರೆ ಕೇವಲ 0.2 ವೋಲ್ಟ್. ಉಳಿದ 12.2 ವೋಲ್ಟೂ ಹಸಿರು ವೈರಿನಿಂದ ಅರ್ತ್‌ವರೆಗಿನ ಗೇಣುದ್ದದ ದಾರಿಯಲ್ಲಿ ನಷ್ಟವಾಗುತ್ತಿತ್ತು. ಮೆಕ್ಯಾನಿಕ್ ನೀಲಿಯನ್ನು ಅಳೆದ ಕೈಯಿಂದಲೇ ಹಸಿರನ್ನೂ ಅಳೆದಿದ್ದರೆ ಅಂದೇ ದೋಷ ಸಿಗುತ್ತಿತ್ತು.

ಹಾಗಾದರೆ ಬಜರ್ ‘ಬೀಪ್’ ಎಂದದ್ದೇಕೆ? ಯಾವ ಗುಂಡಿಯನ್ನೂ ಒತ್ತದಿರುವಾಗ ನೀಲಿ ವೈರೂ ಅರ್ತ್‌ಗೆ ಸೇರಿರುತ್ತದೆ. ಹಸಿರಿನ ಸ್ವಂತ ದಾರಿ ಪೂರ್ತಿ ತುಂಡಾಗಿದ್ದರೂ ಮೀಟರಿನ ಸಣ್ಣ ಕರೆಂಟು ಮೋಟಾರಿನ ಸುರುಳಿಯನ್ನು ಹಾದು, ನೀಲಿ ವೈರಿಗೆ ಬಂದು, ಎತ್ತುವ ರಿಲೇಯ ಮೂಲಕ ಅರ್ತ್ ತಲುಪುತ್ತದೆ. ಸುರುಳಿಯ ತಡೆ ಒಂದು ಓಮ್‌ಗಿಂತಲೂ ಕಡಿಮೆಯಾದ್ದರಿಂದ ಬಜರ್ ನಿಸ್ಸಂಕೋಚವಾಗಿ ಕೂಗುತ್ತದೆ. ಮೋಟಾರನ್ನು ಬಿಡಿಸದೆ ಮಾಡುವ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಆದ್ದರಿಂದ ಮೋಟಾರಿನ ಕನೆಕ್ಟರನ್ನು ಬಿಡಿಸಿ, ಬೈಕಿನ ಇಂಡಿಕೇಟರಿಗೆ ಹಾಕುವಂಥ 12 ವೋಲ್ಟ್ 21 ವ್ಯಾಟಿನ ಬಲ್ಬನ್ನು ತೆಗೆದುಕೊಂಡೆ. ಅದರ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ರಿಲೇ ಕಡೆಯ ನೀಲಿ ವೈರಿಗೆ ಹಿಡಿದಾಗ ಬಲ್ಬು ಪೂರ್ಣ ಬೆಳಗಿತು. ಹಸಿರು ವೈರಿಗೆ ಹಿಡಿದಾಗ ಅದರ ತಂತು ಕೆಂಪಗೆ ಮಿನುಗಿತಷ್ಟೇ. ಈ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಬೇಡುವುದರಿಂದ, ಮೀಟರಿನ ಕೂದಲೆಳೆಯಷ್ಟು ಕರೆಂಟಿಗೆ ಕಾಣದ ತಡೆಯನ್ನು ಇದು ತೋರಿಸಿಕೊಡುತ್ತದೆ. ಈ ಪರೀಕ್ಷೆಯಲ್ಲಿ ಯಾವ ಗುಂಡಿಯನ್ನೂ ಒತ್ತುವ ಅಗತ್ಯವಿಲ್ಲ ಎಂಬುದೂ ಒಂದು ಅನುಕೂಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಸಿರು ವೈರಿನಿಂದ ನೆಗೆಟಿವ್‌ಗೆ ನೇರವಾಗಿ ದಪ್ಪ ವೈರು ಕೊಟ್ಟು, ಮೇಲಿನ ಗುಂಡಿ ಒತ್ತಿ ನೋಡುವ ರೂಢಿ ಕೆಲವರಲ್ಲಿದೆ. ಮೋಟಾರು ತಿರುಗುತ್ತದೆ, ದೋಷವೂ ಗೊತ್ತಾಗುತ್ತದೆ. ಆದರೆ ಆ ವೈರು ಇರುವಾಗ ಯಾರಾದರೂ ಮರೆತು ಕೆಳಗಿನ ಗುಂಡಿ ಒತ್ತಿದರೆ ಬ್ಯಾಟರಿಯ ಪಾಸಿಟಿವ್ ಇಳಿಸುವ ರಿಲೇಯ ಮೂಲಕ ನೇರವಾಗಿ ನೆಗೆಟಿವ್‌ಗೆ ಸೇರಿ ಶಾರ್ಟ್ ಆಗುತ್ತದೆ. ಪೆಟ್ರೋಲ್ ಇಂಜಿನ್ನಿನ ಪಕ್ಕದಲ್ಲಿ ಅಂಥ ಕಿಡಿಗೆ ಅವಕಾಶ ಕೊಡಬಾರದು. ಬಲ್ಬಿನ ಪರೀಕ್ಷೆ ಅದೇ ಉತ್ತರವನ್ನು ಅಪಾಯವಿಲ್ಲದೆ ಕೊಡುತ್ತದೆ.

ದೋಷ ರಿಲೇಯೊಳಗಿದೆಯೇ ಅಥವಾ ಅದರ ಸಾಕೆಟ್ಟಿನಲ್ಲಿದೆಯೇ ಎಂಬುದು ಉಳಿದ ಪ್ರಶ್ನೆ. ಎರಡೂ ರಿಲೇಗಳಿಗೆ ಸಮಾನವಾಗಿರುವ ಅರ್ತ್ ವೈರು ಕೆಟ್ಟಿದ್ದರೆ ಎರಡೂ ದಿಕ್ಕು ನಿಲ್ಲಬೇಕಿತ್ತು, ಹೀಗಾಗಿ ಅದನ್ನು ಶಂಕಿಸಲಿಲ್ಲ. ರಿಲೇಗಳೆರಡೂ ಒಂದೇ ಮಾದರಿಯವಾದ್ದರಿಂದ ಅವನ್ನು ಪರಸ್ಪರ ಅದಲುಬದಲು ಮಾಡಿ ಮೋಟಾರನ್ನು ಮತ್ತೆ ಜೋಡಿಸಿದೆವು. ಮೇಲಿನ ಗುಂಡಿ ಒತ್ತಿದ ಕೂಡಲೇ ಇಂಜಿನ್ ಸರಾಗವಾಗಿ ಎದ್ದಿತು. ಕೆಳಗಿನ ಗುಂಡಿಗೆ ‘ಟಿಕ್’ ಎಂದು ಸುಮ್ಮನಾಯಿತು. ದೋಷ ರಿಲೇಯ ಜೊತೆಗೇ ಜಾಗ ಬದಲಿಸಿತ್ತು. ಮೀಟರೂ ಬಲ್ಬೂ ಇಲ್ಲದ ಕಡೆ ಈ ಅದಲುಬದಲೊಂದೇ ಸಾಕಾಗುತ್ತದೆ. ಮೊದಲ ದಿನವೇ ಇದನ್ನು ಮಾಡಿದ್ದರೆ ಖರ್ಚಿಲ್ಲದೆ ಉತ್ತರ ಸಿಗುತ್ತಿತ್ತು.

ಫಲಿತಾಂಶ

ಕೆಟ್ಟ ರಿಲೇಯ ಕವಚವನ್ನು ಕತ್ತರಿಸಿ ನೋಡಿದೆವು. ಪಾಸಿಟಿವ್ ಕಡೆಯ ಕಾಂಟ್ಯಾಕ್ಟ್ ಸ್ವಲ್ಪ ಕಪ್ಪಾಗಿದ್ದರೂ ಲೋಹದ ಹೊಳಪು ಉಳಿದಿತ್ತು. ಅರ್ತ್ ಕಡೆಯದರ ಮೇಲೆ ಹಸಿರು ಕಿಲುಬು ಮತ್ತು ಉಪ್ಪಿನ ಬಿಳಿ ಪುಡಿ ಸೇರಿ ಒಂದು ಪದರವಾಗಿ ಕುಳಿತಿತ್ತು. ಉಪ್ಪುನೀರು ಒಳಹೊಕ್ಕ ಬಗೆಯೂ ಅಲ್ಲಿಯೇ ಕಾಣುತ್ತಿತ್ತು: ರಿಲೇಯನ್ನು ಹಿಡಿದಿಡುವ ರಬ್ಬರ್ ಹಿಡಿಕೆ ಹರಿದು, ಪಿನ್ನುಗಳು ಕೆಳಮುಖವಾಗಿ ಇರಬೇಕಾದ ರಿಲೇ ಮಗುಚಿ, ಪಿನ್ನುಗಳನ್ನು ಮೇಲಕ್ಕೆ ಮಾಡಿಕೊಂಡು ನೇತಾಡುತ್ತಿತ್ತು. ಮಳೆಗಾಲದಲ್ಲಿ ಕವಚದೊಳಗೆ ಬಂದ ತೇವವೆಲ್ಲ ಪಿನ್ನುಗಳ ಬುಡದಲ್ಲಿ ನಿಂತು ನಿಧಾನವಾಗಿ ಒಳಗಿಳಿದಿತ್ತು. ರಿಲೇ ಮಾತ್ರ ಬದಲಿಸಿ ಹಿಡಿಕೆಯನ್ನು ಹಾಗೆಯೇ ಬಿಟ್ಟಿದ್ದರೆ ಮುಂದಿನ ಹಂಗಾಮಿನಲ್ಲಿ ಇದೇ ದೋಷ ಮರಳುತ್ತಿತ್ತು.

ಎರಡೂ ರಿಲೇಗಳನ್ನು ತಯಾರಕರ ಐದು ಪಿನ್ನಿನ, ತೇವ ಒಳಹೋಗದಂತೆ ಮುಚ್ಚಿದ ರಿಲೇಗಳಿಂದ ಬದಲಿಸಿ, ಸಾಕೆಟ್ಟಿನ ಪಿನ್ನುಗಳನ್ನು ಸ್ವಚ್ಛಗೊಳಿಸಿ, ವಿದ್ಯುತ್ ಕನೆಕ್ಟರುಗಳಿಗೆಂದೇ ಬರುವ ಗ್ರೀಸ್ ತೆಳುವಾಗಿ ಸವರಿ, ಹೊಸ ಹಿಡಿಕೆ ಕೂರಿಸಿದೆವು. ದುರಸ್ತಿಯ ನಂತರ ಎತ್ತುವಾಗ ಬ್ಯಾಟರಿಯಲ್ಲಿ 11.7, ನೀಲಿಯಲ್ಲಿ 11.4, ಹಸಿರಿನಲ್ಲಿ 0.2 ವೋಲ್ಟ್ ಬಂದಿತು. ಮೋಟಾರಿಗೆ 11.2 ವೋಲ್ಟ್ ಸಿಗುತ್ತಿತ್ತು. ಇಳಿಸುವಾಗಲೂ ಅಂಕಿಗಳು ಹೆಚ್ಚುಕಡಿಮೆ ಅವೇ, ವೈರುಗಳ ಪಾತ್ರ ಮಾತ್ರ ತಿರುಗುಮುರುಗು. ಹೊಸ ಮೋಟಾರಿನ ಬೇಡಿಕೆಯನ್ನು ಮಾಲೀಕರು ರದ್ದುಗೊಳಿಸಿದರು.

ಈ ಅಳತೆಗಳನ್ನು ದೋಣಿಯ ದಿನಚರಿ ಪುಸ್ತಕದಲ್ಲಿ ಬರೆದಿಡಲು ಸೂಚಿಸಿದೆ. ದೋಷ ಬಂದಾಗ ಹೋಲಿಸಿ ನೋಡಲು ಸರಿಯಿದ್ದಾಗಿನ ಅಂಕಿ ಬೇಕು, ನಮ್ಮ ಕಡೆಯ ದೋಣಿಗಳಲ್ಲಿ ಅದು ಸಿಗುವುದು ಬಹಳ ಅಪರೂಪ. ವಿಶ್ರಾಂತಿಯಲ್ಲಿರುವ ಕಡೆಯ ವೈರು, ಎತ್ತುವಾಗ ಹಸಿರು ಮತ್ತು ಇಳಿಸುವಾಗ ನೀಲಿ, ಅರ್ಧ ವೋಲ್ಟ್ ದಾಟಿದರೆ ಅದರ ರಿಲೇ ಮತ್ತು ಸಾಕೆಟ್ಟನ್ನು ಬಿಚ್ಚಿ ನೋಡಬೇಕೆಂಬುದು ನಾನು ಪಾಲಿಸುವ ಮಿತಿ. ಮೂರು ವೈರಿನ ಹಳೆಯ ಮೋಟಾರುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಅರ್ತ್ ನೇರವಾಗಿ ಮೋಟಾರಿಗೇ ಹೋಗುತ್ತದೆ, ಪ್ರತಿ ದಿಕ್ಕಿಗೂ ಅದರದೇ ಸೊಲೆನಾಯ್ಡ್ (ರಿಲೇಯಂಥದೇ ದೊಡ್ಡ ಸ್ವಿಚ್ಚು) ಸಾಕಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಕೂರುವ ಮೊದಲು ಮೋಟಾರಿನಿಂದ ಹೊರಬರುವ ವೈರುಗಳನ್ನು ಎಣಿಸಿಕೊಳ್ಳುವುದು ಅಗತ್ಯ.

ಮಾಲೀಕರ ಬಳಿ ಇದೇ ಮಾದರಿಯ ಇನ್ನೂ ಎರಡು ದೋಣಿಗಳಿದ್ದವು. ಅವನ್ನೂ ಅಂದೇ ಅಳೆದೆವು. ಒಂದರಲ್ಲಿ ಎಲ್ಲವೂ ಸರಿಯಿತ್ತು. ಇನ್ನೊಂದರಲ್ಲಿ ಇಳಿಸುವಾಗ ನೀಲಿ ವೈರಿನಲ್ಲಿ 0.9 ವೋಲ್ಟ್ ಬಂದಿತು. ಅದನ್ನು ನಡೆಸುವವರಿಗೆ ಅದುವರೆಗೆ ಯಾವ ವ್ಯತ್ಯಾಸವೂ ಗೊತ್ತಾಗಿರಲಿಲ್ಲ. ಅದರ ಎತ್ತುವ ರಿಲೇಯನ್ನು ಕಳಚಿದಾಗ 87ಎ ಪಿನ್ನಿನ ಬುಡದಲ್ಲಿ ಕಿಲುಬು ಹಿಡಿಯಲು ಆರಂಭವಾಗಿತ್ತು. ಆ ವಾರವೇ ಅದನ್ನೂ ಬದಲಿಸಲಾಯಿತು. ಈಗ ಮಳೆಗಾಲ ಮುಗಿದು ದೋಣಿಗಳನ್ನು ನೀರಿಗಿಳಿಸುವ ಮುನ್ನ ಮೂರಕ್ಕೂ ಈ ಅಳತೆಗಳನ್ನು ತೆಗೆದು ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಆ ತಂಡೇಲರೇ ವಹಿಸಿಕೊಂಡಿದ್ದಾರೆ.